ಮಕ್ಕಳನ್ನು ಕೇಳಿಕೊಂಡು ಬಂದ ಮೇಷ್ಟ್ರು

ಜಪಾನಿನ ನಗೋಯಾಕ್ಕೆ ಬಂದ ಮೊದಲ ವರ್ಷ ನಮ್ಮ ಮನೆಯ ಬಾಗಿಲು ತಟ್ಟಿದ ಕನ್ನಡದವರು ಬೆರಳೆಣಿಕೆಯಷ್ಟು. ಒಬ್ಬರು ಮೊಸರಿಗೆ ಹೆಪ್ಪು ಕೇಳಿಕೊಂಡು ಬಂದಿದ್ದರು, ಇನ್ನೊಬ್ಬರು ಒಂದು ಚಿಟಿಕೆ ಇಂಗು ಇದೆಯೇ ಎಂದು. ಮಕ್ಕಳನ್ನು ಕೇಳಿಕೊಂಡು ಬಂದವರು ಮೇಷ್ಟ್ರು ಒಬ್ಬರೇ.

ಅಕ್ಟೋಬರ್ ತಿಂಗಳ ಒಂದು ಭಾನುವಾರ. ಬಾಗಿಲು ತೆಗೆದರೆ ಎದುರಿಗೆ ಉದ್ದಕ್ಕೆ ತೆಳ್ಳಗೆ ಒಬ್ಬ ಮನುಷ್ಯ. ಪೊದೆ ಮೀಸೆ, ಪಕ್ಕದಲ್ಲಿ ಬಿಳಿ ಪಟ್ಟೆಯ ಟ್ರ್ಯಾಕ್ ಪ್ಯಾಂಟು, ಕೊರಳಲ್ಲಿ ಸೀಟಿ. ಹಿಂದೆ ಮೆಟ್ಟಿಲ ಮೇಲೆ ನಾಲ್ಕು ಮಕ್ಕಳು ಸಾಲಾಗಿ ನಿಂತಿದ್ದವು. ಎರಡು ಹೆಣ್ಣು, ಆಮೇಲೆ ಒಂದೇ ಅಚ್ಚಿನ ಎರಡು ಗಂಡು. ಎಲ್ಲರ ಕಂಕುಳಲ್ಲೂ ಬಿಚ್ಚಿ ಚಪ್ಪಟೆ ಮಾಡಿದ ರಟ್ಟಿನ ಡಬ್ಬ. ಪಕ್ಕದ ಕಟ್ಟಡದವರು, ಕಸ ಹಾಕುವ ಜಾಗದಲ್ಲಿ ಒಂದೆರಡು ಸಲ ನೋಡಿ ನಕ್ಕಿದ್ದೆ, ಅಷ್ಟೇ ಪರಿಚಯ.

"ಅಕ್ಕಾರ, ನಿಮ್ಮ ಮಕ್ಕಳನ್ನ ಕೊಡ್ತೀರೇನ್ರಿ? ಹೊಳಿ ದಂಡಿಗೆ ಹೊಂಟೇವಿ. ಸಂಜಿಗೆ ವಾಪಸ್ ತಂದು ಮುಟ್ಟಸ್ತೀನಿ."

ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವರು. ಆದರೂ ನಾನು ಅವರಿಗೆ ಅಂದಿನಿಂದ ಇಂದಿನವರೆಗೂ 'ಅಕ್ಕಾರ'. ಗುರುತಿಲ್ಲದವರ ಕೈಗೆ ಮಕ್ಕಳನ್ನು ಕೊಡುವುದು ಹೇಗೆ? "ನಾನೂ ಬರ್ತೀನಿ ಇರಿ" ಎಂದು ಎರಡು ವರ್ಷದ ಪುಟ್ಟಿಯನ್ನು ಸೊಂಟಕ್ಕೇರಿಸಿ, ಉಳಿದಿಬ್ಬರಿಗೆ ಶೂ ತೊಡಿಸಿ ಹೊರಟೆ. ಗಂಡ ಒಳಗೆ ಮಲಗಿದ್ದರು. ವಾರವಿಡೀ ಕಾರ್ಖಾನೆಗೆ ಹೋಗಿ ಬರುವ ಎಂಜಿನಿಯರಿಗೆ ಭಾನುವಾರವೆಂದರೆ ಹಾಸಿಗೆ.

ದಾರಿಯಲ್ಲಿ ಅವರ ಕಥೆ ತಿಳಿಯಿತು. ಹಾವೇರಿ ಕಡೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಹೆಂಡತಿ ಸಾಫ್ಟ್‌ವೇರ್ ಎಂಜಿನಿಯರ್. ಕಾರಿನ ಬ್ರೇಕಿಗೆ ಸಂಬಂಧಿಸಿದ ಯಾವುದೋ ಕೆಲಸಕ್ಕೆ ಇಲ್ಲಿನ ಕಂಪನಿ ಕರೆಸಿಕೊಂಡಿತ್ತು. ಇವರು ಸಂಬಳವಿಲ್ಲದ ರಜೆ ಹಾಕಿ, ಮಕ್ಕಳನ್ನು ಕಟ್ಟಿಕೊಂಡು ಹಿಂದೆ ಬಂದಿದ್ದರು. ಅಡುಗೆ, ಬಟ್ಟೆ, ಶಾಲೆಗೆ ಬಿಡುವುದು ಎಲ್ಲ ಇವರದೇ. "ಅಕಿ ದುಡೀತಾಳ, ನಾ ಕುಣಿಸ್ತೀನಿ" ಎಂದು ಒಂದೇ ವಾಕ್ಯದಲ್ಲಿ ಸಂಸಾರವನ್ನು ಹೇಳಿ ಮುಗಿಸಿದರು.

ನದಿಯ ಏರಿಯೆಂದರೆ ಹುಲ್ಲು ಬೆಳೆದ ಇಳಿಜಾರು. ಇಲ್ಲಿನ ಮಕ್ಕಳು ಅದರ ಮೇಲಿಂದ ರಟ್ಟಿನ ಮೇಲೆ ಕೂತು ಜಾರುತ್ತಾರೆ. ಟಿಕೆಟ್ಟಿಲ್ಲ, ಸಾಲಿಲ್ಲ, ಸೂಪರ್ ಮಾರ್ಕೆಟ್ಟಿನವರು ಪುಕ್ಕಟೆ ಕೊಡುವ ಖಾಲಿ ಡಬ್ಬವೇ ವಾಹನ. ಅವರ ನಾಲ್ಕೂ ಮಕ್ಕಳು ಕ್ಷಣದಲ್ಲಿ ಮೇಲೆ ಹತ್ತಿದವು. ನನ್ನ ದೊಡ್ಡ ಮಗಳೂ ಹಿಂದೆ ಓಡಿದಳು. ಐದು ವರ್ಷದ ಮಗ ವಿಹಾನ್ ಮಾತ್ರ ಕೆಳಗೆ ತುದಿಗಾಲಲ್ಲಿ ಅತ್ತಿಂದಿತ್ತ ಸುಳಿದಾಡುತ್ತಿದ್ದ.

ಮೇಷ್ಟ್ರು ಸ್ವಲ್ಪ ಹೊತ್ತು ಅವನ ಕಾಲನ್ನೇ ನೋಡಿದರು. "ಅಕ್ಕಾರ, ಈ ಹುಡುಗನ ಕಾಲಿಗೆ ಏನರ ಆಗೇತೇನ್ರಿ? ಬೆಕ್ಕಿನಂಗ ನಡೀತಾನಲ್ಲ."

ಏನೂ ಆಗಿರಲಿಲ್ಲ. ಆಗಿದ್ದು ಇಷ್ಟೇ. ನಾವು ಬಂದ ಹೊಸತರಲ್ಲಿ ಕೆಳಗಿನ ಮನೆಯ ಅಜ್ಜಿಯೊಬ್ಬರು ಸಿಹಿತಿಂಡಿಯ ಪೊಟ್ಟಣ ಹಿಡಿದು ಬಂದು, ನಾಲ್ಕಾರು ಸಲ ಬಾಗಿ, ತಮ್ಮದೇ ತಪ್ಪು ಎಂಬಂತೆ ಕ್ಷಮೆ ಕೇಳಿ, ಮಕ್ಕಳ ಹೆಜ್ಜೆಯ ಸದ್ದು ತಲೆಯ ಮೇಲೆ ಬೀಳುತ್ತದೆ ಎಂದು ಹೇಳಿದ್ದರು. ಬೈದಿದ್ದರೆ ನಾನೂ ಎರಡು ಮಾತಾಡುತ್ತಿದ್ದೆನೇನೋ. ಆ ವಿನಯಕ್ಕೆ ಕುಗ್ಗಿಹೋದೆ. ಅಂದಿನಿಂದ ಮನೆಯಲ್ಲಿ ಹಿಮ್ಮಡಿ ಊರುವಂತಿಲ್ಲ ಎಂದು ಕಾನೂನು. ದೊಡ್ಡವಳು ಮರೆತು ದಡದಡ ಓಡಿ ಬೈಸಿಕೊಳ್ಳುತ್ತಿದ್ದಳು. ವಿಹಾನ್ ಹೇಳಿದ್ದನ್ನು ಕೇಳುವ ಹುಡುಗ. ಎಷ್ಟು ಚೆನ್ನಾಗಿ ಕೇಳಿದನೆಂದರೆ ಬೀದಿಯಲ್ಲಿ, ಶಾಲೆಯಲ್ಲಿ, ಮಣ್ಣಿನ ಮೇಲೆ ಕೂಡ ಅವನ ಹಿಮ್ಮಡಿ ನೆಲ ಮುಟ್ಟುವುದು ನಿಂತುಹೋಗಿತ್ತು. ಡಾಕ್ಟರರಿಗೆ ತೋರಿಸಬೇಕೇ ಎಂದು ನಾನು ಒಳಗೊಳಗೇ ಬೇಯುತ್ತಿದ್ದೆ.

ಇದನ್ನೆಲ್ಲ ಹೇಳಿಕೊಂಡೆ. ಮೇಷ್ಟ್ರು ಸಮಾಧಾನ ಹೇಳಲಿಲ್ಲ. ಒಂದು ರಟ್ಟು ತೆಗೆದುಕೊಂಡು, ವಿಹಾನನನ್ನು ಬಗಲಿಗೆ ಹಾಕಿಕೊಂಡು ಏರಿಯ ಮೇಲೆ ಹತ್ತಿ, ತೊಡೆಯ ಮೇಲೆ ಕೂರಿಸಿಕೊಂಡು ಜಾರಿಯೇಬಿಟ್ಟರು. ಅರ್ಧದಲ್ಲಿ ರಟ್ಟು ಒಂದು ಕಡೆ, ಇವರಿಬ್ಬರು ಒಂದು ಕಡೆ. ಉರುಳಿಕೊಂಡು ನನ್ನ ಕಾಲ ಬಳಿ ಬಂದು ಬಿದ್ದರು. ಮಗ ಅಳುತ್ತಾನೆಂದು ನಾನು ಬಗ್ಗಿದರೆ, ಅವನು ಮೀಸೆಗೆ ಅಂಟಿದ್ದ ಹುಲ್ಲನ್ನು ನೋಡುತ್ತಾ, "ಮಾಮಾ, ಮೋ ಇಕ್ಕಾಯ್" ಎಂದ. ಇನ್ನೊಂದು ಸಲ ಎಂದರ್ಥ.

"ಇನ್ನೊಂದ್ ಸಲಕ್ಕ ನೀನ ಹತ್ತಬೇಕು" ಎಂದರು ಮೇಷ್ಟ್ರು, ಕನ್ನಡದಲ್ಲೇ.

ಆ ಹುಲ್ಲಿನ ಏರಿಯನ್ನು ತುದಿಗಾಲಲ್ಲಿ ಹತ್ತಲು ಬರುವುದಿಲ್ಲ, ಕಾಲು ಜಾರುತ್ತದೆ. ಅವನು ಎರಡು ಸಲ ಪ್ರಯತ್ನಿಸಿ ಜಾರಿದ. ಮೂರನೆಯ ಸಲ ಇಡೀ ಪಾದ ಊರಿ, ಹಿಮ್ಮಡಿಯಿಂದ ಮಣ್ಣು ಒದ್ದುಕೊಂಡು, ಧಪಧಪನೆ ಹತ್ತಿಬಿಟ್ಟ. ಸಂಜೆಯ ಹೊತ್ತಿಗೆ ಎಷ್ಟು ಸಲ ಹತ್ತಿ ಇಳಿದನೋ ಲೆಕ್ಕವಿಲ್ಲ. ಮನೆಯೊಳಗೆ ಮರುದಿನವೂ ಬೆಕ್ಕೇ. ಹೊರಗೆ ಮಾತ್ರ ಆವತ್ತಿನಿಂದ ಕುದುರೆ.

"ಮನಿಯೊಳಗ ಮಕ್ಕಳು ಬೆಳೆಯೂದಿಲ್ರಿ, ಬರೇ ಉದ್ದ ಆಗ್ತಾವು" ಎಂದು ವಾಪಸ್ ಬರುವಾಗ ಮೇಷ್ಟ್ರು ಹೇಳಿದರು. ಅದನ್ನು ನಾನು ಆಮೇಲೆ ಎಷ್ಟು ಜನರಿಗೆ ನನ್ನದೇ ಮಾತೆಂಬಂತೆ ಹೇಳಿದ್ದೇನೋ.

ಅಲ್ಲಿಂದ ಪ್ರತಿ ಭಾನುವಾರ ಏಳು ಮಕ್ಕಳ ದಂಡು. ಅವರಿಗೆ ಋತುಗಳೇ ಕ್ಯಾಲೆಂಡರ್. ನವೆಂಬರಿನಲ್ಲಿ ಉದುರಿದ ಹಳದಿ ಎಲೆಗಳನ್ನು ಎದೆಯೆತ್ತರ ಗುಡ್ಡೆ ಮಾಡಿಸಿ ಅವಳಿಗಳನ್ನು ಅದರಲ್ಲಿ ಹೂತುಬಿಡುತ್ತಿದ್ದರು. ಜನವರಿಯಲ್ಲಿ, ಚಳಿಗೆ ನಾವೆಲ್ಲ ಹೀಟರಿನ ಮುಂದೆ ಮುದುಡಿರುವಾಗ, ಸೂರ್ಯ ಹುಟ್ಟುತ್ತಲೇ ಬಾಗಿಲಿಗೆ ಬಂದು, "ಬರ್ರಿ ಬರ್ರಿ, ಬಿಸಲ್ ಬಿದ್ರ ಕರಗತೈತಿ" ಎಂದು ಅವಸರ ಮಾಡುವರು. ಹತ್ತಿರದ ತರಕಾರಿ ತೋಟದ ಕಾಲುದಾರಿಯಲ್ಲಿ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ ಸಣ್ಣ ಸೂಜಿಗಳಂತೆ ಎದ್ದು ನಿಂತಿರುತ್ತಿತ್ತು. ಅದನ್ನು ತುಳಿದರೆ ಹಪ್ಪಳ ಮುರಿದಂತೆ ಸದ್ದು. ಏಳೂ ಮಕ್ಕಳು ಆ ದಾರಿಯುದ್ದಕ್ಕೂ ಹಪ್ಪಳ ಮುರಿದುಕೊಂಡು ಹೋಗುತ್ತಿದ್ದವು, ಮೇಷ್ಟ್ರೂ ಸೇರಿ. ಮಾರ್ಚ್ ಕಳೆದು ಚೆರ್ರಿ ಹೂವು ಬಂದಾಗ ಇಡೀ ನಗರ ಕೋಟೆಯ ಉದ್ಯಾನಕ್ಕೆ ನುಗ್ಗಿದರೆ ಇವರು ಮಾತ್ರ ಒಂದು ವಾರ ಕಾದರು. "ಅರಳಿದ್ದನ್ನ ನೋಡಬೇಕ್ರಿ, ಉದುರೂದನ್ನ ಹಿಡೀಬೇಕು." ಉದುರುವ ಎಸಳು ನೆಲ ಮುಟ್ಟುವ ಮೊದಲೇ ಅಂಗೈಯಲ್ಲಿ ಹಿಡಿಯುವ ಪಂದ್ಯ. ಪುಟ್ಟಿ ಕೂಡ ಬಾಯಿ ತೆರೆದು ಓಡಾಡಿ ಒಂದನ್ನು ನಾಲಿಗೆಯಲ್ಲಿ ಹಿಡಿದಳು.

ಒಮ್ಮೆ ನಾವು ಒಂದು ದೊಡ್ಡ ಮನರಂಜನಾ ಪಾರ್ಕಿಗೆ ಹೋಗಿದ್ದ ಕಥೆ ಹೇಳಿದೆ. ದಿನವಿಡೀ ಸಾಲಿನಲ್ಲಿ ನಿಂತು, ಮೂರೂ ಮಕ್ಕಳು ಅತ್ತು, ತಿಂಗಳಿಡೀ ಖರ್ಚಿನ ನೆನಪು ಉಳಿದಿತ್ತು. ಮೇಷ್ಟ್ರು ತಲೆಯಾಡಿಸಿದರು. "ರೊಕ್ಕ ಕೊಟ್ಟು ಒಳಗ ಹೋದ್ರ ಮಕ್ಕಳು ನೋಡ್ತಾವ್ರಿ. ಪುಕ್ಕಟೆ ಹೋದ್ರ ಆಡ್ತಾವು."

ಸೀಟಿಯನ್ನು ಅವರು ಜಪಾನಿನಲ್ಲಿ ಊದಿದ್ದು ಒಂದೇ ಸಲವಂತೆ. ಬಂದ ಹೊಸತರಲ್ಲಿ ಒಂದು ಪಾರ್ಕಿನಲ್ಲಿ ತಮ್ಮ ಅವಳಿಗಳನ್ನು ಕರೆಯಲು ಊದಿದರೆ ಇಡೀ ಪಾರ್ಕೇ ನಿಂತುಹೋಯಿತಂತೆ. ಅಪ್ಪಂದಿರು, ಸೈಕಲ್ಲುಗಳು, ಒಂದು ನಾಯಿ ಕೂಡ. ಮೇಷ್ಟ್ರು ಸುತ್ತಲೂ ತಿರುಗಿ ಎಲ್ಲರಿಗೂ ಸುಮಿಮಾಸೆನ್, ಅಂದರೆ ಕ್ಷಮಿಸಿ, ಎಂದು ಹೇಳಬೇಕಾಯಿತು. ಆಮೇಲೆ ಅದನ್ನು ಬಾಯಲ್ಲಿ ಇಟ್ಟುಕೊಂಡರೆ ಸಾಕು, ಮಕ್ಕಳು ಬಂದು ಸೇರುತ್ತಿದ್ದವು.

ರೈಲಿನಲ್ಲಿ ಏಳು ಮಕ್ಕಳನ್ನು ಸುಮ್ಮನಿರಿಸುವುದು ನನ್ನ ದುಃಸ್ವಪ್ನವಾಗಿತ್ತು. ಇಲ್ಲಿ ರೈಲೆಂದರೆ ದೇವಸ್ಥಾನದ ಗರ್ಭಗುಡಿಗಿಂತ ನಿಶ್ಶಬ್ದ. ಮೇಷ್ಟ್ರು ಮೂಕ ಕಬಡ್ಡಿ ಕಲಿಸಿದರು. ರೈಲು ಹೊರಟೊಡನೆ ಉಸಿರು ಹಿಡಿದು, ಸದ್ದಿಲ್ಲದೆ ತುಟಿಯಲ್ಲಿ ಮಾತ್ರ ಕಬಡ್ಡಿ ಕಬಡ್ಡಿ ಅನ್ನಬೇಕು. ಯಾರು ಮೊದಲು ಉಸಿರು ಬಿಟ್ಟರೋ ಅವರು ಔಟ್. ಎದುರು ಸೀಟಿನ ಸೂಟುಧಾರಿಯೊಬ್ಬರು ಒಂದು ದಿನ ಇದನ್ನು ನೋಡುತ್ತಾ ಕೂತಿದ್ದರು. ನಿಲ್ದಾಣ ಬರುವ ಹೊತ್ತಿಗೆ ಅವರೇ ದೊಡ್ಡದಾಗಿ ಉಸಿರು ಬಿಟ್ಟು, ಯಾರೂ ನೋಡಲಿಲ್ಲವಷ್ಟೇ ಎಂದು ಅತ್ತಿತ್ತ ನೋಡಿದರು.

ಬುತ್ತಿಯೂ ಅವರದೇ ಶೋಧ. ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಯ ಮುಂದೆ ಹೋದರೆ ಮಕ್ಕಳಿಗೆ ಅಲ್ಲಿನ ಅನ್ನದ ಮುದ್ದೆಯೇ ಬೇಕು. ಮೇಷ್ಟ್ರು ಇಲ್ಲಿನ ಅಂಟು ಅಕ್ಕಿಯಲ್ಲಿ ಚಿತ್ರಾನ್ನ ಕಲಸಿ ಮೂರು ಮೂಲೆಯ ಉಂಡೆ ಕಟ್ಟಿ ತಂದರು. ಒಳಗೆ ಗೊಜ್ಜಿನ ಬದಲು ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿ ಚಟ್ನಿಪುಡಿ. ನಮ್ಮ ಮೈಸೂರು ಕಡೆಯವರು ಅದನ್ನು ಚಿತ್ರಾನ್ನವೆಂದು ಒಪ್ಪಲಾರರು ಎಂದೆ. "ಒಪ್ಪಬ್ಯಾಡ್ರಿ, ತಿನ್ರಿ" ಎಂದರು.

ಇಷ್ಟೆಲ್ಲ ಹೇಳಿದೆನೆಂದು ಅವರು ದೇವತಾಮನುಷ್ಯರೇನಲ್ಲ. ಆಟದಲ್ಲಿ ಸೋತರೆ ಮುಖ ಊದಿಸಿಕೊಳ್ಳುವರು. ಸೋಲುವ ಸೂಚನೆ ಕಂಡರೆ ನಿಯಮವನ್ನೇ ಬದಲಿಸುವರು. ಕಾಗೆ ಕಂಡರೆ ಭಯ. ಇಲ್ಲಿನ ಕಾಗೆಗಳು ಕೋಳಿಯ ಗಾತ್ರ, ಒಂದು ಬಂದು ಅವರ ಕೈಯಿಂದಲೇ ಚಪಾತಿ ಕಿತ್ತುಕೊಂಡು ಹೋಗಿತ್ತು. ಜಪಾನಿ ಕಲಿಯುವ ಉತ್ಸಾಹ ಸೊನ್ನೆ. ಸುಮಿಮಾಸೆನ್, ಅರಿಗಾತೋ, ದಾಯ್ಜೋಬು, ಅಂದರೆ ಕ್ಷಮಿಸಿ, ಧನ್ಯವಾದ, ಪರವಾಗಿಲ್ಲ ಎಂಬ ಮೂರೇ ಪದಗಳಲ್ಲಿ ಅಂಗಡಿ, ಶಾಲೆ, ಆಸ್ಪತ್ರೆ ಎಲ್ಲ ನಿಭಾಯಿಸುತ್ತಿದ್ದರು. ಉಳಿದದ್ದಕ್ಕೆ ದೊಡ್ಡ ಮಗಳಿದ್ದಳು.

ಅವರೊಳಗೆ ಬೇರೊಂದು ಭಾರವಿತ್ತೆಂದು ನನಗೆ ತಿಳಿದದ್ದು ಮೇ ತಿಂಗಳಲ್ಲಿ, ಸಮುದ್ರದ ದಂಡೆಯಲ್ಲಿ. ಅದು ಇಲ್ಲಿನವರು ಚಿಪ್ಪು ಹೆಕ್ಕುವ ಕಾಲ. ಉಬ್ಬರ ಇಳಿದಾಗ ಮೈಲುದ್ದ ಬಯಲಾಗುವ ಮರಳಿನಲ್ಲಿ ಬಕೆಟ್ಟು, ಸಣ್ಣ ಕುರ್ಪಿ ಹಿಡಿದು ಸಂಸಾರ ಸಂಸಾರವೇ ಕೂತು ಅಗೆಯುತ್ತದೆ. ನಮ್ಮೆರಡೂ ಮನೆಯವರು ಸಸ್ಯಾಹಾರಿಗಳು. ಚಿಪ್ಪು ಹೆಕ್ಕಿ ಏನು ಮಾಡುವುದು ಎಂದರೆ ಮೇಷ್ಟ್ರು, "ಹೆಕ್ಕೂದು ಪಂದ್ಯಾ, ತಿನ್ನೂದು ಬ್ಯಾರೆ ಮಾತು" ಎಂದಿದ್ದರು. ಮಕ್ಕಳು ಮೊಣಕಾಲುದ್ದ ಕೆಸರಿನಲ್ಲಿ ಮುಳುಗಿದ್ದವು. ಮೇಷ್ಟ್ರು ಮಾತ್ರ ಆವತ್ತು ಆಡಲಿಲ್ಲ. ಪ್ಯಾಂಟು ಮಡಿಸಿಕೊಂಡು ನೀರನ್ನೇ ನೋಡುತ್ತಾ ನಿಂತಿದ್ದರು.

"ಜೂನಿಗೆ ನಾ ಇಲ್ಲಿ ಇರ್ತೀನೋ ಇಲ್ಲೋ, ಅಕ್ಕಾರ" ಎಂದರು.

ಊರಿನ ಶಾಲೆಯಿಂದ ಹೆಡ್‌ಮಾಸ್ಟರರ ಫೋನು ಬಂದಿತ್ತು. ರಜೆ ಮುಗಿಯಿತು, ಶಾಲೆ ತೆರೆಯುವಾಗ ಬಂದು ಹಾಜರಾಗಬೇಕು, ಇಲ್ಲವೆಂದರೆ ರಾಜೀನಾಮೆ.

"ಮೇಡಂ ಏನಂತಾರೆ?" ಎಂದೆ. ಅವರ ಹೆಂಡತಿಯನ್ನು ನಾನು ಹಾಗೇ ಕರೆಯುತ್ತಿದ್ದುದು.

"ಅಕಿ ಒಂದ ಮಾತು ಅಂದ್ಲು. ನೀವು ಹೋದ್ರ ನಾನೂ ಕೆಲಸ ಬಿಟ್ಟು ಬರ್ತೀನಿ ಅಂತ. ಅದ ನೋಡ್ರಿ ತ್ರಾಸು. ಸಿಟ್ಟು ಮಾಡಿದ್ರ ಹೋಗಿಬಿಡ್ತಿದ್ದೆ." ಕಾಲಿನಿಂದ ಮರಳು ಕೆದಕುತ್ತಾ ಮತ್ತೆ ಅವರೇ ಹೇಳಿದರು. "ಯುಗಾದಿ ಕಾರ್ಯಕ್ರಮದಾಗ ಒಬ್ರು ಅಂದ್ರು, ಸರ್, ನಿಮ್ಮಂಥಾ ಲಕ್ಕಿ ಯಾರಿಲ್ಲ, ಹೆಂಡ್ತಿ ಆಫೀಸಿಗೆ, ನೀವು ಪಿಕ್ನಿಕ್ಕಿಗೆ ಅಂತ. ನಾನೂ ನಕ್ಕೆ. ಆದ್ರ ಇಲ್ಲಿ ನಾ ಯಾರ್ರಿ? ಊರಾಗ ನಾ ಗ್ರೌಂಡಿಗೆ ಇಳದ್ರ ಇಡೀ ಸಾಲಿ ಲೈನ್ ನಿಂದರ್ತಿತ್ತು."

ಅವರು ಹೋದರೆ ನನ್ನ ಮಕ್ಕಳ ಭಾನುವಾರಗಳ ಗತಿಯೇನು ಎಂಬ ಸ್ವಾರ್ಥವೇ ಮೊದಲು ಬಂದದ್ದು. ಅದನ್ನು ಹೇಗೆ ಬಾಯಿಬಿಟ್ಟು ಹೇಳುವುದು? ಅಷ್ಟರಲ್ಲಿ ಅವಳಿಗಳಲ್ಲೊಬ್ಬ ಬೂಟನ್ನು ಕೆಸರಿಗೆ ಕಳೆದುಕೊಂಡು ಕಿರುಚಿದ. ಮೇಷ್ಟ್ರು ಓಡಿದರು.

ಸಂಜೆ ಬಕೆಟ್ಟಿನ ತುಂಬ ಚಿಪ್ಪು. ಮನೆಯ ಮೆಟ್ಟಿಲ ಬಳಿ ಬಂದ ಮೇಲೆ ಇದನ್ನು ಏನು ಮಾಡುವುದೆಂದು ನಾನು ಯೋಚಿಸುತ್ತಿರುವಾಗ ಮೇಷ್ಟ್ರು ಕೆಳಗಿನ ಮನೆಯ ಅಜ್ಜಿಯ ಕರೆಗಂಟೆ ಒತ್ತಿಯೇಬಿಟ್ಟರು. ಆ ಬಾಗಿಲ ಮುಂದೆ ನಾನು ಉಸಿರು ಬಿಗಿಹಿಡಿದೇ ಹಾದುಹೋಗುತ್ತಿದ್ದೆ. ಅಜ್ಜಿ ಬಾಗಿಲು ತೆಗೆದರು. ಎದುರಿಗೆ ಕೆಸರು ಮೆತ್ತಿದ ಏಳು ಮಕ್ಕಳು, ಒಂದು ಮೀಸೆ, ಒಂದು ಬಕೆಟ್ಟು.

"ಸುಮಿಮಾಸೆನ್" ಎಂದು ಬಕೆಟ್ಟು ಮುಂದೆ ಹಿಡಿದರು ಮೇಷ್ಟ್ರು.

ಅಜ್ಜಿ ಬಕೆಟ್ಟಿನೊಳಗೆ ನೋಡಿದರು. ಒಂದು ಚಿಪ್ಪನ್ನು ಎತ್ತಿ ಬೆರಳಿನಿಂದ ಮರಳು ಒರೆಸಿದರು. ಅವರ ಗಂಡ ಇರುವವರೆಗೆ ಪ್ರತಿ ಮೇ ತಿಂಗಳೂ ತಾವು ಹೋಗುತ್ತಿದ್ದುದಾಗಿ ಮೆಲ್ಲಗೆ ಹೇಳಿದರು. ಮೇಷ್ಟ್ರ ದೊಡ್ಡ ಮಗಳು ನಮಗೆ ಕನ್ನಡದಲ್ಲಿ ತಿಳಿಸಿದಳು. ಆಮೇಲೆ ಅಜ್ಜಿ ವಿಹಾನನ ಕೆಸರು ಕಾಲನ್ನು ನೋಡಿ ಏನೋ ಕೇಳಿದರು. ಹುಡುಗಿ ನಕ್ಕಳು. "ಆಂಟಿ, ಮೇಲೆ ನಡೆಯೋದು ಇವನೇನಾ ಅಂತ ಕೇಳ್ತಿದಾರೆ. ಈಗೀಗ ಸೌಂಡೇ ಬರಲ್ಲ, ಹುಷಾರಿಲ್ವಾ ಅಂತ ವರಿ ಆಗಿತ್ತಂತೆ."

ಮುಂದಿನ ಭಾನುವಾರ ಅಜ್ಜಿಯೂ ಏರಿಯ ಮೇಲೆ ಕೊಡೆ ಹಿಡಿದು ಬಂದು ಕೂತರು. ಆವತ್ತು ಮೇಷ್ಟ್ರು ನಿಜವಾದ ಕಬಡ್ಡಿ ಆಡಿಸುತ್ತಿದ್ದರು. ಆಗಲೇ ಇಲ್ಲಿನ ಮಕ್ಕಳೂ ಹತ್ತು ಹನ್ನೆರಡು ಸೇರಿಕೊಳ್ಳುತ್ತಿದ್ದವು. ಅಜ್ಜಿ ಮಧ್ಯಾಹ್ನದವರೆಗೆ ನೋಡಿದರು, ಒಂದು ಚಿತ್ರಾನ್ನದ ಉಂಡೆ ತಿಂದು ಖಾರಕ್ಕೆ ಕಣ್ಣೀರು ಸುರಿಸಿದರು, ಎದ್ದು ಹೋದರು. ಎರಡು ದಿನ ಬಿಟ್ಟು ಅವರ ಮಗಳು ಬಂದಳು. ಶಾಲೆ ಬಿಟ್ಟ ಮೇಲೆ ಮಕ್ಕಳು ಆಡಲು ಸೇರುವ ವಾರ್ಡಿನ ಕೇಂದ್ರದಲ್ಲಿ ಅವಳಿಗೆ ಕೆಲಸ. ಅಲ್ಲಿಗೆ ಆಟ ಆಡಿಸುವವರೊಬ್ಬರು ಬೇಕಾಗಿದ್ದಾರೆ, ದಿನಕ್ಕೆ ಕೆಲವು ಗಂಟೆ, ಮೇಷ್ಟ್ರು ಒಮ್ಮೆ ಬಂದು ಮಾತಾಡುವರೇ ಎಂದು ಕೇಳಿದಳು.

ಆ ಸಂದರ್ಶನದ ಕಥೆಯನ್ನು ಮೇಡಂ ನನಗೆ ಹೇಳಿದ್ದು. ಮೇಷ್ಟ್ರು ಮದುವೆಯ ಕೋಟು ಹಾಕಿಕೊಂಡು ಹೋಗಿದ್ದರು. ದುಭಾಷಿಯಾಗಿ ಪಕ್ಕದಲ್ಲಿ ಹತ್ತು ವರ್ಷದ ಮಗಳು. ಕೇಂದ್ರದ ಮುಖ್ಯಸ್ಥರು, ನೀವು ಮಕ್ಕಳಿಗೆ ಏನು ಮಾಡುವಿರಿ ಎಂದು ಕೇಳಿದರು.

"ಆಡಿಸ್ತೀನಿ ಅಂತ ಹೇಳವ್ವಾ" ಎಂದರು ಮೇಷ್ಟ್ರು.

ಹುಡುಗಿ ಯೋಚಿಸಿದಳು. "ಅಪ್ಪಾ, ಆಡಿಸ್ತೀನಿಗೆ ಜಪಾನೀಸಲ್ಲಿ ಏನಂತಾರೋ ಗೊತ್ತಿಲ್ಲ."

"ನಿನಗ ತಿಳಿದಂಗ ಹೇಳು."

ಅವಳು ತನಗೆ ತಿಳಿದ ಹಾಗೆ, "ಅಪ್ಪ ಜೊತೆಗೆ ಆಡುತ್ತಾರೆ" ಎಂದಳು. ಮುಖ್ಯಸ್ಥರು ಪೆನ್ನು ಕೆಳಗಿಟ್ಟು ಮೇಷ್ಟ್ರನ್ನು ಹೊಸದಾಗಿ ನೋಡಿದರಂತೆ. ಆಡಿಸುವವರು ಇಲ್ಲಿ ಬೇಕಾದಷ್ಟು ಜನ ಬಂದು ಹೋಗಿದ್ದಾರೆ, ಜೊತೆಗೆ ಆಡುವವರು ಬಂದಿರಲಿಲ್ಲ ಎಂದು ಅಲ್ಲೇ ಕೆಲಸ ಕೊಟ್ಟರಂತೆ.

ಮೇ ಮುಗಿಯುವ ಮೊದಲೇ ಮೇಷ್ಟ್ರು ಊರಿಗೆ ಫೋನು ಮಾಡಿ ರಾಜೀನಾಮೆಯ ಮಾತು ತಿಳಿಸಿದರು. ಆ ದಿನ ಆಟದ ಹೆಸರೆತ್ತದೆ ಏಳು ಮಕ್ಕಳಿಗೂ ಸಾಲಾಗಿ ಉಗುರು ಕತ್ತರಿಸಿದರು. ಮರುದಿನದಿಂದ ಸರಿಹೋದರು. ಬೇಸಿಗೆಯಲ್ಲಿ ಕೇಂದ್ರದ ಮಕ್ಕಳನ್ನೆಲ್ಲ ಕರೆದುಕೊಂಡು ಜೀರುಂಡೆ ಹಿಡಿಯಲು ಮರ ಮರ ಸುತ್ತಿದರು. ಹಿಡಿದದ್ದನ್ನು ಸಂಜೆ ಬಿಡುವಾಗ ಪ್ರತಿಯೊಂದಕ್ಕೂ ಸುಮಿಮಾಸೆನ್ ಹೇಳಿಸಿದರು. ಶರತ್ಕಾಲದ ಕ್ರೀಡಾದಿನಕ್ಕೆ ಬಿಳಿ ಟೋಪಿ ಹಾಕಿದ ಪುಟಾಣಿಗಳು ಹಗ್ಗ ಹಿಡಿದು "ಹೂಂ, ಎಳಿ, ಹೂಂ, ಎಳಿ" ಎಂದು ಶುದ್ಧ ಹಾವೇರಿಯ ದನಿಯಲ್ಲಿ ಎಳೆಯುವುದನ್ನು ಕೇಳಿ ನಾನು ನಕ್ಕು ನಕ್ಕು ಕೂತುಬಿಟ್ಟೆ.

ಎರಡು ವರ್ಷ ಹೀಗೆ ನಡೆಯಿತು. ಕಳೆದ ಮಾರ್ಚಿನಲ್ಲಿ ಮೇಡಂಗೆ ಕನಗಾವಾದ ಕಚೇರಿಗೆ ವರ್ಗವಾಯಿತು. ಅಲ್ಲಿಯೂ ಒಂದು ಮಕ್ಕಳ ಕೇಂದ್ರ ಹುಡುಕಿಕೊಂಡೇ ಮೇಷ್ಟ್ರು ಹೋದದ್ದು. ಸಾಮಾನಿನ ಲಾರಿ ಹೊರಡುವಾಗ ಕೆಳಗಿನ ಅಜ್ಜಿ ಕಿತ್ತಳೆಯ ಚೀಲ ಕೊಟ್ಟರು. ಮೇಷ್ಟ್ರ ಮನೆಯ ಕಿಟಕಿಗಳಿಗೆ ಈಗ ಬೇರೆಯವರ ಪರದೆ.

ಹೊಸ ವರ್ಷದ ರಜೆಗೆ ನಾವು ಅವರಲ್ಲಿಗೆ ಹೋದೆವು. ನನ್ನ ಗಂಡನೂ ಹಾಸಿಗೆ ಬಿಟ್ಟು ಬಂದಿದ್ದರು. ಚೀಲ ಇಳಿಸಿ, ಚಹಾ ಬಂದೀತೆಂದು ಕೂತರೆ ಮೇಷ್ಟ್ರು ನಿಂತೇ ಇದ್ದಾರೆ. "ಚಹಾ ಆಮ್ಯಾಲೆ ಕುಡೂಣ್ರಿ. ಗಾಳಿ ನಿಂತು ಹೋಗ್ತೈತಿ."

ಹತ್ತು ನಿಮಿಷದ ನಡಿಗೆಯಲ್ಲಿ ಸಮುದ್ರ. ಕಸದ ಚೀಲ ಕತ್ತರಿಸಿ, ಬಿದಿರು ಕಡ್ಡಿ ಅಂಟಿಸಿ ಮಕ್ಕಳು ಗಾಳಿಪಟ ಮಾಡಿದ್ದವು. ಚಳಿಗಾಲದ ಬಿಸಿಲು ಮರಳಿನ ಮೇಲೆ ಹಾಸಿತ್ತು. ಆಶ್ಚರ್ಯವೆಂದರೆ ಮೇಡಂ ಕೂಡ ಬಂದಿದ್ದರು. ನಗೋಯಾದಲ್ಲಿ ಅವರನ್ನು ನಾನು ಭಾನುವಾರ ನೋಡಿದ್ದೇ ಇಲ್ಲ.

"ನಿದ್ದೆ ಬಿಟ್ಟು ಬಂದ್ರಾ ಮೇಡಂ?" ಎಂದು ಛೇಡಿಸಿದೆ.

"ಅಷ್ಟು ವರ್ಷ ನಾ ಮಲಗಲಿ ಅಂತನ ಇವರು ಮಕ್ಕಳನ್ನ ಹೊರಗ ಒಯ್ತಿದ್ದರು. ನಿಮ್ಮ ಮನೀಗೆ ಬಂದದ್ದೂ ಅದಕ್ಕ. ಕಸ ಹಾಕೂ ಜಾಗದಾಗ ನಿಮ್ಮನ್ನ ನೋಡಿ ಬಂದು, ಆ ಅಕ್ಕಾರ ಕಣ್ಣು ನಿದ್ದಿ ಇಲ್ಲದ ಒಳಗ ಹೋಗ್ಯಾವು ಅಂದಿದ್ರು" ಎಂದರು ಮೇಡಂ. ಆಮೇಲೆ ದೂರದಲ್ಲಿ ಗಾಳಿಪಟ ಎತ್ತಿ ಓಡುತ್ತಿದ್ದ ಗಂಡನನ್ನೇ ನೋಡುತ್ತಾ ಹೇಳಿದರು. "ಊರಾಗ ಇವರು ಬ್ಯಾರೆಯವರ ಮಕ್ಕಳನ್ನ ಆಡಿಸ್ತಿದ್ರು. ಅವಳಿ ಹುಟ್ಟಿದ ದಿನಾನೂ ತಾಲೂಕು ಮ್ಯಾಚಿನಾಗ ಇದ್ರು. ನಮ್ಮ ಮಕ್ಕಳಿಗೆ ಅಪ್ಪ ಸಿಕ್ಕಿದ್ದು ಇಲ್ಲೇರಿ."

ಅಷ್ಟರಲ್ಲಿ ಗಾಳಿಪಟ ಗಾಳಿಗೆ ಸಿಕ್ಕಿತು. ಮೇಷ್ಟ್ರು ಅಲ್ಲಿಂದಲೇ ಕೈಬೀಸಿ, "ಬಾ ಇಲ್ಲೆ, ಹಿಡಿ ಇದನ್ನ" ಎಂದು ಹೆಂಡತಿಯನ್ನು ಕರೆದರು.

"ನನಗೆಲ್ಲಿ ಬರತೈತಿ" ಎನ್ನುತ್ತಲೇ ಮೇಡಂ ಶೂ ಕಳಚಿ ಓಡಿದರು. ದಾರ ಕೈಗೆ ಬಂದೊಡನೆ ಅದು ಜಗ್ಗಿತು. ಅವರು ಹೆದರಿ ಬಿಗಿಯಾಗಿ ಹಿಡಿದರು. ಮೇಷ್ಟ್ರು ಪಕ್ಕದಲ್ಲಿ ನಿಂತು, "ಬಿಡು, ಇನ್ನಷ್ಟು ಬಿಡು, ಹೆದರಬ್ಯಾಡ" ಎನ್ನುತ್ತಿದ್ದರು. ದಾರ ಸುರುಳಿ ಬಿಚ್ಚಿಕೊಂಡು ಹೋದಂತೆಲ್ಲ ಮೇಡಂ ಚಿಕ್ಕ ಹುಡುಗಿಯಂತೆ ನಗುತ್ತಿದ್ದರು. ಏಳು ಮಕ್ಕಳು ಸುತ್ತ ಕುಣಿಯುತ್ತಿದ್ದವು. ನನ್ನ ಪಕ್ಕದಲ್ಲಿ ಕೂತಿದ್ದ ನನ್ನ ಗಂಡ ಬಗ್ಗಿ ಶೂ ದಾರ ಬಿಚ್ಚತೊಡಗಿದರು.

ಎಲ್ಲರೂ ಬಿಟ್ಟುಹೋದ ಶೂಗಳು ಮರಳಿನಲ್ಲಿ ಚೆಲ್ಲಾಡಿದ್ದವು. ನಾನು ಅವನ್ನೆಲ್ಲ ಆಯ್ದು ಒಂದೆಡೆ ಗುಡ್ಡೆ ಹಾಕಿದೆ. ಕಾಯುತ್ತಾ ಕೂರೋಣವೆಂದುಕೊಂಡೆ. ಆಮೇಲೆ ನನ್ನವನ್ನೂ ಕಳಚಿ ಆ ಗುಡ್ಡೆಯ ಮೇಲೆ ಎಸೆದು ಓಡಿದೆ.